ಊರಿನ ವೇದಿಕೆಯಲ್ಲಿ ಇಪ್ಪತ್ತು ನಿಮಿಷ ಜಾದೂ: ಮೊದಲ ಸಲ ಮಾಡುವವರಿಗೆ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಯಾರಿಗಾದರೂ ನಾಲ್ಕು ಜಾದೂ ಬರುತ್ತದೆ ಅಂತ ಗೊತ್ತಾದರೆ ಸಾಕು. ಶಾಲೆಯ ವಾರ್ಷಿಕೋತ್ಸವ, ಗಣೇಶೋತ್ಸವ, ಕ್ಲಬ್ಬಿನ ಓಣಂ ಕಾರ್ಯಕ್ರಮ ಎಲ್ಲದಕ್ಕೂ "ಒಂದು ಇಪ್ಪತ್ತು ನಿಮಿಷ ಮಾಡಿ ಮಾರಾಯ್ರೆ" ಅಂತ ಕರೆ ಬರುತ್ತದೆ. ಒಪ್ಪಿಕೊಂಡ ಮೇಲೆ ಹೆದರಿಕೆ ಶುರು. ಮನೆಯಲ್ಲಿ ತಂಗಿಯ ಮುಂದೆ ಸಲೀಸಾಗಿ ಆಗುತ್ತಿದ್ದದ್ದು ಇನ್ನೂರು ಜನರ ಮುಂದೆ ಆಗುತ್ತದಾ? ಆಗುತ್ತದೆ, ಆದರೆ ಅದಕ್ಕೆ ತಯಾರಿ ಬೇರೆಯೇ ಬೇಕು. ಹವ್ಯಾಸಕ್ಕೆ ಜಾದೂ ಮಾಡುತ್ತಾ ಬಂದವನಾಗಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು, ಐಟಂ ಜಾಸ್ತಿ ಮಾಡಬೇಡಿ. ಇಪ್ಪತ್ತು ನಿಮಿಷಕ್ಕೆ ಐದು ಸಾಕು. ಹತ್ತು ಐಟಂ ಅರ್ಧಂಬರ್ಧ ಕಲಿತು ಹೋದರೆ ಕೈ ಒಂದು ಕಡೆ, ಬಾಯಿ ಒಂದು ಕಡೆ ಆಗುತ್ತದೆ. ಶುರುವಿಗೆ ಮಾತೇ ಬೇಡದ, ಅರ್ಧ ನಿಮಿಷದಲ್ಲಿ ಮುಗಿಯುವ, ದೂರದಿಂದ ಕಾಣುವ ಒಂದು ಐಟಂ ಇರಲಿ. ಎಲ್ಲಕ್ಕಿಂತ ಒಳ್ಳೆಯದನ್ನು ಕೊನೆಗೆ ಇಡಿ. ಉಳಿದದ್ದು ನಡುವೆ.

ಆ ಮೊದಲ ಐಟಂಗೆ ನಾನು ನಾಣ್ಯ ಮಾಯ ಮಾಡುವುದನ್ನು ಇಟ್ಟುಕೊಂಡಿದ್ದೇನೆ. ಜಾದೂಗಾರರು ಇದಕ್ಕೆ ಫ್ರೆಂಚ್ ಡ್ರಾಪ್ ಅನ್ನುತ್ತಾರೆ. ಹತ್ತು ರೂಪಾಯಿಯ ನಾಣ್ಯ ತಗೊಳ್ಳಿ, ಎರಡು ಬಣ್ಣ ಇರುವುದರಿಂದ ಚೆನ್ನಾಗಿ ಕಾಣುತ್ತದೆ. ಎಡಗೈ ಅಂಗೈ ಮೇಲೆ ಮಾಡಿ, ಹೆಬ್ಬೆರಳು ಮತ್ತು ಬೆರಳುಗಳ ತುದಿಯಲ್ಲಿ ನಾಣ್ಯದ ಅಂಚು ಹಿಡಿಯಿರಿ. ಬಲಗೈ ಅದನ್ನು ತೆಗೆದುಕೊಳ್ಳಲು ಬರುತ್ತದೆ, ಬಲ ಹೆಬ್ಬೆರಳು ನಾಣ್ಯದ ಕೆಳಗೆ ಹೋಗುತ್ತದೆ, ಉಳಿದ ಬೆರಳುಗಳು ಎದುರಿನಿಂದ ಅದನ್ನು ಮರೆಮಾಡುತ್ತವೆ. ಆ ಕ್ಷಣಕ್ಕೆ ಎಡ ಹೆಬ್ಬೆರಳು ಸಡಿಲ ಬಿಡಿ. ನಾಣ್ಯ ಎಡಗೈಯೊಳಗೇ ಬೀಳುತ್ತದೆ. ಬಲಗೈ ಮಾತ್ರ ಮುಷ್ಟಿ ಮಾಡಿಕೊಂಡು ದೂರ ಹೋಗುತ್ತದೆ. ಬೆರಳಲ್ಲಿ ಉಂಗುರ ಇದ್ದರೆ ತೆಗೆದಿಡಿ, ನಾಣ್ಯ ತಾಗಿ ಟಿಣ್ ಅಂದರೆ ಎಲ್ಲ ಮುಗಿಯಿತು.

ಇಲ್ಲಿ ಕೈಯ ಕೆಲಸ ಕಾಲು ಭಾಗ ಅಷ್ಟೇ. ಮುಕ್ಕಾಲು ಭಾಗ ಕಣ್ಣಿನದು. ನಾಣ್ಯ ನಿಜವಾಗಿ ಬಲಗೈಗೆ ಹೋಗಿದ್ದರೆ ನೀವು ಎಲ್ಲಿ ನೋಡುತ್ತಿದ್ದಿರಿ? ಬಲಗೈಯನ್ನು, ಅಲ್ವಾ? ಹಾಗಾದರೆ ಈಗಲೂ ಅಲ್ಲಿಗೇ ನೋಡಿ. ನೀವು ನೋಡಿದಲ್ಲಿಗೆ ಜನ ನೋಡುತ್ತಾರೆ. ಎಡಗೈಯನ್ನು ಬಚ್ಚಿಡಲು ಹೋಗಬೇಡಿ, ಸುಮ್ನೆ ಸೊಂಟದ ಪಕ್ಕ ಇಳಿಬಿಡಿ. ಅಭ್ಯಾಸಕ್ಕೆ ಒಂದು ಉಪಾಯ ಇದೆ. ಹತ್ತು ಸಲ ನಾಣ್ಯವನ್ನು ನಿಜವಾಗಿಯೇ ಬಲಗೈಗೆ ತಗೊಳ್ಳಿ, ಹನ್ನೊಂದನೇ ಸಲ ಕಳ್ಳ ಕೆಲಸ ಮಾಡಿ. ಎರಡೂ ಒಂದೇ ತರ ಕಾಣುವವರೆಗೆ ಬಿಡಬೇಡಿ. ಕನ್ನಡಿಯನ್ನು ಪೂರ್ತಿ ನಂಬಬೇಡಿ, ಕಳ್ಳ ಕೆಲಸದ ಕ್ಷಣಕ್ಕೆ ಗೊತ್ತಿಲ್ಲದೆಯೇ ಕಣ್ಣು ಮುಚ್ಚಿಹೋಗುತ್ತದೆ, ಹಾಗಾಗಿ ತಪ್ಪು ಕಾಣುವುದೇ ಇಲ್ಲ. ಮೊಬೈಲಿನಲ್ಲಿ ವಿಡಿಯೋ ಮಾಡಿ ನೋಡಿ.

ಅಭ್ಯಾಸಕ್ಕೆ ದುಡ್ಡು ಸುರಿಯುವ ಅಗತ್ಯವೂ ಇಲ್ಲ. ಕೇರಳದ ಜಾದೂ ಅಂದಕೂಡಲೇ ನೆನಪಾಗುವವರು ವಾಳಕುನ್ನಂ ನಂಬೂದಿರಿ. ಮೂರು ಚೆಪ್ಪು (ಸಣ್ಣ ಬಟ್ಟಲು), ಕೆಲವು ಉಂಡೆ, ಇಷ್ಟರಲ್ಲೇ ಜನರನ್ನು ಬೆರಗು ಮಾಡಿದವರು. ಮಲಯಾಳದಲ್ಲಿ ಅದನ್ನು ಚೆಪ್ಪುಂ ಪಂದುಂ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಗೆರಟೆಗೆ, ಅಂದರೆ ತೆಂಗಿನ ಚಿಪ್ಪಿಗೆ, ಬರವಿಲ್ಲ, ಅಡಿಕೆಗೂ ಬರವಿಲ್ಲ. ಒಂದೇ ಅಳತೆಯ ಮೂರು ಗೆರಟೆ ನಯ ಮಾಡಿಕೊಂಡು, ನಾಲ್ಕು ಸಣ್ಣ ಅಡಿಕೆ ಇಟ್ಟುಕೊಂಡು ಶುರು ಮಾಡಿ. ನೋಡುವವರಿಗೆ ಮೂರು, ನಿಮಗೆ ನಾಲ್ಕು. ಒಂದು ಅಡಿಕೆಯನ್ನು ಬೆರಳ ಬುಡದಲ್ಲಿ ಅಡಗಿಸಿಕೊಂಡೇ ಚಾ ಕುಡಿಯುವುದು, ಪೇಪರ್ ಓದುವುದು ಮಾಡಿ. ಕೈ ಸಹಜ ಆಗುವುದು ಹಾಗೆ. ಆದರೆ ಇದು ಹತ್ತಿರ ಕೂತು ನೋಡುವ ಐಟಂ. ದೊಡ್ಡ ವೇದಿಕೆಗೆ ತರಬೇಡಿ, ಮೂರನೇ ಸಾಲಿನಿಂದ ಹಿಂದಕ್ಕೆ ಏನೂ ಕಾಣುವುದಿಲ್ಲ.

ವೇದಿಕೆಗೆ ಹೇಳಿ ಮಾಡಿಸಿದ್ದು ಹಗ್ಗ. ಸುಮಾರು ಎರಡು ಮೀಟರ್ ಬಿಳಿ ಹತ್ತಿ ಹಗ್ಗ, ಪೆನ್ಸಿಲಿನಷ್ಟು ದಪ್ಪ. ಕತ್ತದ ಹಗ್ಗ ಬೇಡ, ಕತ್ತರಿಗೂ ಬಗ್ಗುವುದಿಲ್ಲ, ಗಂಟೂ ಜಾರುವುದಿಲ್ಲ. ಎರಡು ತುದಿ ಸೇರಿಸಿ ಎಡಗೈಯ ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯಿರಿ, ತುದಿಗಳು ನಾಲ್ಕು ಬೆರಳಷ್ಟು ಮೇಲೆ ಕಾಣಲಿ. ನಡುಭಾಗ ಕೆಳಗೆ ಜೋತಾಡುತ್ತದೆ. ಬಲಗೈ ಬೆರಳಿನ ಮೇಲೆ ಆ ನಡುಭಾಗವನ್ನು ತೂಗುಹಾಕಿಕೊಂಡು ಎಡಗೈಯ ತನಕ ಮೇಲೆ ತನ್ನಿ. ಎಡಗೈ ಬೆರಳುಗಳ ಮರೆಗೆ ಬಂದಾಗ, ಒಂದು ತುದಿಯ ಹಗ್ಗ ಎಡಗೈಯಿಂದ ಕೆಳಗಿಳಿಯುವ ಜಾಗ ಇದೆಯಲ್ಲ, ಅಲ್ಲೇ ಅದನ್ನು ಬಲಗೈಯಿಂದ ಚಿವುಟಿ ಹಿಡಿದು ಮೇಲೆ ಎಳೆಯಿರಿ. ನಿಜವಾದ ನಡುಭಾಗ ಅದಕ್ಕೆ ಕೊಂಡಿಯ ಹಾಗೆ ಸಿಕ್ಕಿಕೊಂಡು ಎಡಗೈಯೊಳಗೇ ಉಳಿಯುತ್ತದೆ. ಮೇಲೆ ಎದ್ದು ನಿಂತದ್ದು ತುದಿಯ ಹತ್ತಿರದ ತುಂಡು, ಜನ ಅದನ್ನೇ ನಡುಭಾಗ ಅಂದುಕೊಳ್ಳುತ್ತಾರೆ. ಅದನ್ನು ಒಬ್ಬರನ್ನು ಕರೆದು ಕತ್ತರಿಸಲು ಹೇಳಿ.

ಈಗ ಮೇಲೆ ನಾಲ್ಕು ತುದಿ. ಅದರಲ್ಲಿ ಉದ್ದ ಹಗ್ಗದ ಎರಡು ತುದಿಗಳನ್ನು ಕೆಳಗೆ ಬಿಡಿ. ಉಳಿದದ್ದು ಗಿಡ್ಡ ತುಂಡಿನವು, ಅವನ್ನು ಗಂಟು ಹಾಕಿ. ನೋಡುವವರಿಗೆ ಎರಡು ಹಗ್ಗ ಸೇರಿಸಿ ಕಟ್ಟಿದ ಹಾಗೆ ಕಾಣುತ್ತದೆ. ಮತ್ತೆ ಹಗ್ಗವನ್ನು ಎಡಗೈಗೆ ಸುತ್ತುತ್ತಾ ಹೋಗಿ. ಬಲ ಮುಷ್ಟಿಯೊಳಗೆ ಗಂಟು ಜಾರುತ್ತಾ ಬಂದು ತುದಿಯಿಂದ ಕಳಚಿಕೊಳ್ಳುತ್ತದೆ. ಮಂತ್ರದಂಡ ತೆಗೆಯಲು ಕಿಸೆಗೆ ಕೈ ಹಾಕಿ, ಗಂಟನ್ನು ಅಲ್ಲೇ ಬಿಟ್ಟು ಬನ್ನಿ. ಹಗ್ಗ ಬಿಚ್ಚಿದರೆ ಒಂದೇ! ಪ್ರತಿ ಸಲವೂ ಸ್ವಲ್ಪ ಗಿಡ್ಡ ಆಗುತ್ತದೆ, ಹಾಗಾಗಿ ಹಗ್ಗ ಜಾಸ್ತಿ ತಂದಿಟ್ಟುಕೊಳ್ಳಿ. ಅಭ್ಯಾಸದಲ್ಲೇ ಇಪ್ಪತ್ತು ಮೀಟರ್ ಖರ್ಚಾದರೂ ಬೇಸರ ಬೇಡ.

ಇಸ್ಪೀಟಿನ ಒಂದು ಐಟಂ ಬೇಕಿದ್ದರೆ, ಕೈಚಳಕವೇ ಬೇಡದ್ದು ಹೇಳುತ್ತೇನೆ. ಕಟ್ಟಿನ ಮೇಲಿನ ಎಲೆ ಯಾವುದು ಅಂತ ಮೊದಲೇ ನೋಡಿಟ್ಟುಕೊಳ್ಳಿ. ಬಂದವರಿಗೆ ಕಟ್ಟನ್ನು ಎಲ್ಲಿ ಬೇಕಾದರೂ ಎತ್ತಿ ಮೇಜಿನ ಮೇಲೆ ಇಡಲು ಹೇಳಿ. ಉಳಿದ ಕೆಳಗಿನ ಭಾಗವನ್ನು ನೀವು ಅದರ ಮೇಲೆ ಅಡ್ಡಡ್ಡ ಇಡಿ, "ನೀವು ಎತ್ತಿದ ಜಾಗಕ್ಕೆ ಗುರುತು" ಅಂತ ಹೇಳಿ. ಈಗ ಎಲೆಯನ್ನು ಬಿಟ್ಟು ಅವರ ಮುಖ ನೋಡಿ ಮಾತಾಡಿ. ಯಾವ ಊರು, ಏನು ಓದುತ್ತಿದ್ದೀರಿ, ಯಾವತ್ತಾದರೂ ಹೀಗೆ ಎಲೆ ತೆಗೆದದ್ದುಂಟಾ ಅಂತ ಕೇಳಿ. ಹದಿನೈದು ಇಪ್ಪತ್ತು ಸೆಕೆಂಡ್ ಹೋಗಲಿ. ಅಷ್ಟರಲ್ಲಿ ಯಾವ ಭಾಗ ಮೇಲಿತ್ತು, ಯಾವುದು ಕೆಳಗಿತ್ತು ಅನ್ನುವುದು ಮರೆತುಹೋಗಿರುತ್ತದೆ. ಅಡ್ಡ ಇಟ್ಟ ಭಾಗ ಎತ್ತಿ, ಕೆಳಗಿನ ಭಾಗದ ಮೇಲಿನ ಎಲೆ ತೆಗೆಯಲು ಹೇಳಿ. ಅದು ನೀವು ನೋಡಿಟ್ಟ ಎಲೆಯೇ. ಮಳೆಗಾಲದಲ್ಲಿ ನಮ್ಮ ಕಡೆ ಕಾಗದದ ಎಲೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಪ್ಲಾಸ್ಟಿಕ್ ಕಟ್ಟು ತಗೊಳ್ಳಿ.

ಇನ್ನು ಜಾಗ. ಇದನ್ನು ಹಿಂದಿನ ದಿನವೇ ಹೋಗಿ ನೋಡಬೇಕು. ಯಕ್ಷಗಾನದ ರಂಗಸ್ಥಳದ ಹಾಗೆ ಮೂರು ಕಡೆ ತೆರೆದ ವೇದಿಕೆ ನಮ್ಮಲ್ಲಿ ಜಾಸ್ತಿ, ಮಕ್ಕಳು ಬದಿಯಿಂದಲೂ ಇಣುಕುತ್ತಾರೆ. ಹಗ್ಗದ ಐಟಂ ಎದುರಿನಿಂದ ಚೆನ್ನ, ಹಿಂದಿನಿಂದ ನೋಡಿದವರಿಗೆ ಗುಟ್ಟು ಪೂರ್ತಿ ಕಾಣುತ್ತದೆ. ಮಕ್ಕಳನ್ನು ಎದುರಿಗೆ ಕೂರಿಸಲು ಮೇಷ್ಟ್ರಿಗೆ ಮೊದಲೇ ಹೇಳಿ, ಅವರು ಖಂಡಿತ ಸಹಾಯ ಮಾಡುತ್ತಾರೆ. ಬೆನ್ನ ಹಿಂದೆ ಟ್ಯೂಬ್‌ಲೈಟ್ ಇದ್ದರೆ ಆರಿಸಲು ಹೇಳಿ. ಎರಡೂ ಕೈ ಬೇಕಾದ್ದರಿಂದ ಸ್ಟ್ಯಾಂಡಿನ ಮೈಕ್ ಕೇಳಿ. ಶೀಟಿನ ಮಾಡಿನ ಕೆಳಗೆ ಮಳೆ ಹೊಡೆದರೆ ಮೈಕ್ ಇದ್ದರೂ ಮಾತು ಕೇಳುವುದಿಲ್ಲ, ಅಂಥ ಹೊತ್ತಿಗೆ ಮಾತಿಲ್ಲದ ಎರಡು ಐಟಂ ಕೈಯಲ್ಲಿರಲಿ.

ಮಾತಿನ ವಿಷಯಕ್ಕೆ ಬಂದರೆ, ನಮ್ಮ ಸಭೆಯಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಮಾತಾಡುವವರೂ ಇರುತ್ತಾರೆ. ನಾನು ಕನ್ನಡದಲ್ಲೇ ಮಾತಾಡುತ್ತೇನೆ, ಆದರೆ ವಾಕ್ಯ ಸಣ್ಣದು ಇಡುತ್ತೇನೆ. ಎಣಿಸುವಾಗ ಮಾತ್ರ ಕನ್ನಡದ "ಒಂದು", ತುಳುವಿನ "ರಡ್ಡ್", ಮಲಯಾಳದ "ಮೂನ್ನ್" ಅಂತ ಮಕ್ಕಳ ಕೈಯಲ್ಲಿ ಕೂಗಿಸುತ್ತೇನೆ. ಮೂರನೆಯದಕ್ಕೆ ಹಗ್ಗ ಬಿಚ್ಚಿಕೊಂಡಾಗ ಆ ಸಂತೋಷ ಎಲ್ಲರದ್ದೂ ಆಗಿರುತ್ತದೆ. ಇದನ್ನು ನೀವೂ ಮಾಡಿ ನೋಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ವೇದಿಕೆಗೆ ಕರೆದ ಮಗುವನ್ನು ಹೇಗೆ ನೋಡಿಕೊಳ್ಳುತ್ತೀರಿ ಅನ್ನುವುದು. ಕೆಲವು ವರ್ಷದ ಹಿಂದೆ ಒಂದು ಶಾಲೆಯಲ್ಲಿ ನಾನು ನಾಣ್ಯ ಮಾಯ ಮಾಡಿ ಐದನೇ ಕ್ಲಾಸಿನ ಒಬ್ಬ ಹುಡುಗನ ಕಿಸೆಯಿಂದ ತೆಗೆದೆ. "ಓ, ಇವನೇ ತೆಗೆದಿಟ್ಟಿದ್ದ!" ಅಂದೆ. ಸಭೆ ಜೋರಾಗಿ ನಕ್ಕಿತು, ಅವನೂ ನಕ್ಕ. ತಿಂಗಳ ಮೇಲೆ ಅಲ್ಲಿಯ ಟೀಚರೊಬ್ಬರು ಸಿಕ್ಕಿ ಹೇಳಿದರು, ಅವತ್ತಿನಿಂದ ಕ್ಲಾಸಿನವರು ಅವನನ್ನು ಕಳ್ಳ ಅಂತಲೇ ಕರೆಯುತ್ತಿದ್ದಾರೆ, ಎರಡು ದಿನ ಅವನು ಶಾಲೆಗೇ ಬರಲಿಲ್ಲ ಅಂತ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವಾರ ಆ ಶಾಲೆಗೆ ಹೋಗಿ, ಅವನನ್ನೇ ಕರೆದು, ಇಡೀ ಕ್ಲಾಸಿನ ಎದುರು ಹಗ್ಗದ ಐಟಂ ಅವನ ಕೈಯಿಂದ ಮಾಡಿಸಿದೆ. ಗಂಟು ಅವನು ಊದಿದ ಕೂಡಲೇ ಮಾಯ. ಆ ಮುಖ ನನಗೆ ಈಗಲೂ ನೆನಪಿದೆ.

ಅಂದಿನಿಂದ ನನ್ನಲ್ಲಿ ಜಾದೂ ಮಾಡುವುದು ವೇದಿಕೆಗೆ ಬಂದವರೇ. ಊದುವುದು ಅವರು, ಕೋಲು ತಾಗಿಸುವುದು ಅವರು, ಚಪ್ಪಾಳೆಯೂ ಅವರಿಗೆ. ಮಗುವಿನ ಹೆಸರು ಕೇಳಿ, ಆ ಹೆಸರಿನಿಂದಲೇ ಕರೆಯಿರಿ. ಹೇಳದೆ ಮೈ ಮುಟ್ಟಬೇಡಿ. ಬಣ್ಣ, ದಪ್ಪ, ಮಾರ್ಕು, ಇದರ ಮೇಲೆ ತಮಾಷೆ ಖಂಡಿತ ಬೇಡ.

ಹೆದರಿಸುವ ಐಟಂಗಳನ್ನೂ ಮಕ್ಕಳ ಎದುರು ಬಿಟ್ಟುಬಿಡಿ. 1956ರಲ್ಲಿ ಪಿ.ಸಿ. ಸರ್ಕಾರ್ ಲಂಡನ್ನಿನ ಬಿಬಿಸಿಯಲ್ಲಿ ಹುಡುಗಿಯನ್ನು ಗರಗಸದಿಂದ ಕೊಯ್ಯುವ ಜಾದೂ ತೋರಿಸಿದಾಗ, ಅವಳು ಎದ್ದು ನಿಲ್ಲುವ ಮೊದಲೇ ಕಾರ್ಯಕ್ರಮ ಮುಗಿದುಹೋಗಿ, ಅವಳು ಸತ್ತೇ ಹೋದಳು ಅಂದುಕೊಂಡು ಜನ ಫೋನ್ ಮೇಲೆ ಫೋನ್ ಮಾಡಿದರು. ದೊಡ್ಡವರೇ ಅಷ್ಟು ನಂಬುತ್ತಾರೆ ಅಂದಮೇಲೆ ಎರಡನೇ ಕ್ಲಾಸಿನ ಮಗು? ಬ್ಲೇಡ್ ನುಂಗುವುದು, ಶಾಮಿಯಾನದ ಕೆಳಗೆ ಬೆಂಕಿ ಹಚ್ಚುವುದು ಬೇಡವೇ ಬೇಡ. ದೈವ, ದೇವರು, ಮಾಟ ಅನ್ನುವ ಮಾತನ್ನೂ ನಾನು ವೇದಿಕೆಗೆ ತರುವುದಿಲ್ಲ. ಶುರುವಿಗೇ "ಇದು ಕೈ ಮತ್ತು ತಲೆಯ ಕೆಲಸ, ಯಾರು ಬೇಕಾದರೂ ಕಲಿಯಬಹುದು" ಅಂತ ಹೇಳಿಬಿಡುತ್ತೇನೆ. ಹಾಗೆ ಹೇಳಿದ್ದರಿಂದ ಬೆರಗು ಕಡಿಮೆ ಆದದ್ದು ನಾನು ನೋಡಿಲ್ಲ.

ಐಟಂ ಕೈಕೊಟ್ಟರೆ? ಕೊಡುತ್ತದೆ, ಎಲ್ಲರಿಗೂ. ನಿಲ್ಲಬೇಡಿ, ವಿವರಿಸಬೇಡಿ, ನಗುತ್ತಾ ಮುಂದಿನದಕ್ಕೆ ಹೋಗಿ. ಏನಾಗಬೇಕಿತ್ತು ಅಂತ ಮೊದಲೇ ಹೇಳದಿದ್ದರೆ ತಪ್ಪಿದ್ದು ಯಾರಿಗೂ ಗೊತ್ತಾಗುವುದಿಲ್ಲ. "ಇನ್ನೊಂದು ಸಲ" ಅಂತ ಕೂಗಿದರೆ ಅದೇ ಐಟಂ ಮತ್ತೆ ಮಾಡಬೇಡಿ, ಎರಡನೇ ಸಲ ಎಲ್ಲರೂ ಸರಿಯಾದ ಕೈಯನ್ನೇ ನೋಡುತ್ತಾರೆ.

ಮುಗಿದ ಮೇಲೆ ಸಾಮಾನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗಬೇಡಿ. ಪೆಟ್ಟಿಗೆಗೆ ಹಾಕಿ ಬೀಗ ಹಾಕಿ. ಮಕ್ಕಳು ಹಿಂದೆ ಬಂದು "ಹೇಗೆ ಅಂಕಲ್, ಹೇಳಿಕೊಡಿ" ಅಂತ ಕೇಳುತ್ತಾರೆ. ಹಗ್ಗದ ಗುಟ್ಟು ಹೇಳುವುದಿಲ್ಲ, ಬೇಕಿದ್ದವರು ಮನೆಗೆ ಬಂದು ಕೂತು ಕಲಿಯಲಿ. ಬರಿಗೈಲಿ ಕಳಿಸುವುದೂ ಇಲ್ಲ, ಒಂದು ಲೆಕ್ಕ ಕಲಿಸುತ್ತೇನೆ. ಮೂರು ಅಂಕಿಯ ಒಂದು ಸಂಖ್ಯೆ, ಮೊದಲ ಮತ್ತು ಕೊನೆಯ ಅಂಕಿಗೆ ಕನಿಷ್ಠ ಎರಡರ ವ್ಯತ್ಯಾಸ ಇರಬೇಕು. 732 ಅನ್ನಿ. ತಿರುಗಿಸಿದರೆ 237. ದೊಡ್ಡದರಿಂದ ಸಣ್ಣದು ಕಳೆದರೆ 495. ಅದನ್ನು ತಿರುಗಿಸಿ 594, ಎರಡನ್ನೂ ಕೂಡಿಸಿ. 1089. ಯಾವ ಸಂಖ್ಯೆಯಿಂದ ಶುರು ಮಾಡಿದರೂ 1089ಕ್ಕೇ ಬಂದು ನಿಲ್ಲುತ್ತದೆ. ಮನೆಯಲ್ಲಿ ಒಂದು ದಪ್ಪ ಪುಸ್ತಕ ತೆಗೆದು, 108ನೇ ಪುಟದ 9ನೇ ಪದವನ್ನು ಮೊದಲೇ ಚೀಟಿಯಲ್ಲಿ ಬರೆದು ಮಡಚಿ ಅಜ್ಜಿಯ ಕೈಗೆ ಕೊಟ್ಟಿಡು, ಮತ್ತೆ ಅಪ್ಪನ ಹತ್ತಿರ ಲೆಕ್ಕ ಮಾಡಿಸು, ಬಂದ ಉತ್ತರದ ಪುಟ, ಪದ ಅವರೇ ಹುಡುಕಲಿ, ಕೊನೆಗೆ ಅಜ್ಜಿ ಚೀಟಿ ಓದಲಿ ಅಂತ ಹೇಳಿ ಕಳಿಸುತ್ತೇನೆ.