ವಿಮಾನ ನಿಲ್ದಾಣದ ತಿಂಡಿ ಕೌಂಟರಿನ ಅಡುಗೆಮನೆ: ನನ್ನ ಅನುಭವ

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ, ಭದ್ರತಾ ತಪಾಸಣೆ ದಾಟಿದ ನಂತರ ಸಿಗುವ ತಿಂಡಿ ಕೌಂಟರೊಂದರ ಅಡುಗೆಮನೆಯನ್ನು ನಾನು ನೋಡಿಕೊಳ್ಳುತ್ತೇನೆ. ದರ್ಶಿನಿಯಲ್ಲಿ ಕಲಿತ ಕೈರುಚಿ ಇಲ್ಲಿಯೂ ಉಪಯೋಗಕ್ಕೆ ಬಂತು. ಒಲೆ, ವೇಳೆ, ಪಾತ್ರೆಗಳ ಲೆಕ್ಕವನ್ನು ಮಾತ್ರ ಹೊಸದಾಗಿ ಹಾಕಬೇಕಾಯಿತು.

ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಇಲ್ಲ, ಎಲ್ಲವೂ ವಿದ್ಯುತ್ತಿನ ಒಲೆಗಳು. ಕಾವಲಿಗೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸಿದ ಕೂಡಲೇ ಇಳಿಯುವ ಕಾವು ಗ್ಯಾಸಿನ ಉರಿಯಲ್ಲಿ ಏರುವಷ್ಟು ಬೇಗ ಇಲ್ಲಿ ಏರುವುದಿಲ್ಲ; ತಣಿದ ಕಾವಲಿಯ ಮೇಲೆ ಹರಡಿದ ದೋಸೆ ಬಿಳಿಚಿಕೊಂಡು ರಬ್ಬರಿನಂತಾಗುತ್ತದೆ. ಆದ್ದರಿಂದ ಕಾವಲಿಯ ಅರ್ಧಭಾಗದಲ್ಲಿ ದೋಸೆ ಹೊಯ್ದು, ಅದು ಬೇಯುವಷ್ಟರಲ್ಲಿ ಉಳಿದರ್ಧ ಕಾದಿರುವಂತೆ ನೋಡಿಕೊಳ್ಳುವ ಕ್ರಮವನ್ನು ರೂಢಿಸಿದೆವು. ಚಾಕುಗಳ ವಿಷಯ ಬೇರೆಯೇ: ಒಂದೊಂದಕ್ಕೂ ಲೆಕ್ಕವಿದೆ, ಪಾಳಿ ಮುಗಿಯುವಾಗ ಎಣಿಸಿ ಬೀಗ ಹಾಕುತ್ತೇವೆ.

ಗಿರಾಕಿಗಳ ಅಭ್ಯಾಸದಲ್ಲಿ ನಾನು ಕಂಡ ದೊಡ್ಡ ಬದಲಾವಣೆ ಪಾರ್ಸೆಲ್. 2003ರಲ್ಲಿ ಇದೇ ಊರಿನಿಂದ ಹಾರಾಟ ಆರಂಭಿಸಿದ ಏರ್ ಡೆಕ್ಕನ್, ಟಿಕೆಟ್ಟಿನ ಜೊತೆ ಊಟ ಕೊಡುವ ಪದ್ಧತಿಯನ್ನೇ ಬಿಟ್ಟಿತು. ಅಗ್ಗದ ದರದ ವಿಮಾನಗಳು ಹೆಚ್ಚಿದಂತೆ, ಬೆಳಗಿನ ಜಾವದ ವಿಮಾನ ಹಿಡಿಯುವವರು ತಿಂಡಿಯನ್ನು ಕಟ್ಟಿಸಿಕೊಂಡು ಸೀಟಿನಲ್ಲಿ ಕೂತು ತಿನ್ನುವುದು ಸಾಮಾನ್ಯವಾಯಿತು. ವಿಮಾನ ಅಲುಗಾಡಿದರೆ ಆ ಪುಟ್ಟ ಟ್ರೇಯ ಮೇಲೆ ಸಾಂಬಾರ್ ನಿಲ್ಲುವುದಿಲ್ಲ. ಆದಕಾರಣ ಪಾರ್ಸೆಲ್ಲಿಗೆಂದೇ ತುಪ್ಪ, ಚಟ್ನಿಪುಡಿ ಸವರಿದ ಸಣ್ಣ ಇಡ್ಲಿಗಳನ್ನೂ, ನೀರು ಬಿಡದಂತೆ ಹುರಿಗಡಲೆ ಹೆಚ್ಚಿಗೆ ಹಾಕಿ ರುಬ್ಬಿದ ಗಟ್ಟಿ ಚಟ್ನಿಯನ್ನೂ ಸಿದ್ಧಪಡಿಸಿದೆವು. ಆರಿದ ಮೇಲೂ ಪುಳಿಯೋಗರೆ ಕೆಡುವುದಿಲ್ಲ, ಕೈಗೂ ಅಂಟುವುದಿಲ್ಲ. ಬಿಸಿಬೇಳೆಬಾತನ್ನು ಮಾತ್ರ ತಟ್ಟೆಗೆ ಮೀಸಲಿಟ್ಟಿದ್ದೇನೆ. ಮುಚ್ಚಿದ ವಿಮಾನದೊಳಗೆ ಅದರ ಇಂಗಿನ ಘಮ ಪಕ್ಕದವರಿಗೆ ಹಿತವಾಗಿರಲಾರದು. (ನನಗಂತೂ ಅದು ಬಹಳ ಇಷ್ಟ.)

ಬೆಲೆಯ ಪ್ರಶ್ನೆ ದಿನವೂ ಎದುರಾಗುತ್ತದೆ. 2024ರ ಡಿಸೆಂಬರಿನಲ್ಲಿ ಕೋಲ್ಕತ್ತ ನಿಲ್ದಾಣದಲ್ಲಿ ಉಡಾನ್ ಯಾತ್ರಿ ಕೆಫೆ ಆರಂಭವಾಗಿ 10 ರೂಪಾಯಿಗೆ ಚಹಾ ಸಿಗತೊಡಗಿದ ಬಳಿಕ, ಇಲ್ಲೇಕೆ ಹಾಗಿಲ್ಲ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಾರಾಟದಲ್ಲಿ ಪಾಲು ಅಥವಾ ನಿಗದಿತ ಕನಿಷ್ಠ ಮೊತ್ತ, ಇವೆರಡರಲ್ಲಿ ಹೆಚ್ಚಿನದನ್ನು ಬಾಡಿಗೆಯಾಗಿ ತೆರುವ ಕರಾರಿನಲ್ಲಿ ಆ ದರ ಗಿಟ್ಟುವುದಿಲ್ಲ. ಕಡಿಮೆ ಬೆಲೆ ಬೇಕೆಂದರೆ ಮೊದಲು ಬಾಡಿಗೆಯ ಕರಾರು ಬದಲಾಗಬೇಕು. ಸದ್ಯಕ್ಕೆ ನಮ್ಮ ಕೈಲಾದದ್ದೆಂದರೆ, ಪೂರ್ತಿ ತಟ್ಟೆಯ ಜೊತೆಗೆ ಒಂಟಿ ಇಡ್ಲಿ, ಒಂಟಿ ವಡೆ ಹಾಗೂ ಅರ್ಧ ಲೋಟ ಕಾಫಿಯನ್ನೂ ದರಪಟ್ಟಿಗೆ ಸೇರಿಸಿದ್ದು.