ಒಂದೇ ಹಾಳೆಯಲ್ಲಿ ನಾಲ್ಕು ಗಂಟೆಯ ಆಟ: ಗೇಮ್ ಮಾಸ್ಟರ್ ಆಗಿ ನನ್ನ ಅನುಭವ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಆಟಗಾರರು ಒಂದೊಂದು ಪಾತ್ರ ವಹಿಸುತ್ತಾರೆ, ಕಥೆ ನಡೆಸಿ ಉಳಿದ ಪಾತ್ರಗಳನ್ನೆಲ್ಲ ಆಡಿಸುವುದು ಗೇಮ್ ಮಾಸ್ಟರ್. ಒಂದು ಎ4 ಹಾಳೆ ಇಟ್ಟುಕೊಂಡು ನಾಲ್ಕು ಗಂಟೆ ಈ ಆಟ ನಡೆಸೋಕಾಗಲ್ಲ ಅಂದವರೇ ಹೆಚ್ಚು. ಸುಮಾರು ಇಪ್ಪತ್ತು ಸೆಷನ್ ಅದರಲ್ಲೇ ನಡೆದಿವೆ, ತಯಾರಿಗೆ ಹಿಡಿಯುವುದು 40-45 ನಿಮಿಷ. ಮೊದಲೆಲ್ಲ ಹದಿನೈದು ಪುಟ ಬರೆಯುತ್ತಿದ್ದೆ. ಬಳಕೆಗೆ ಬರುತ್ತಿದ್ದದ್ದು ಮೂರೋ ನಾಲ್ಕೋ.

ಹಾಳೆಯ ಮೇಲ್ಗಡೆ ಮೂರು ಸಾಲು: ಯಾರೂ ತಡೆಯದಿದ್ದರೆ ಖಳನಾಯಕ ಈ ರಾತ್ರಿ, ನಾಳೆ, ಮೂರನೇ ದಿನ ಏನು ಮಾಡುತ್ತಾನೆ. ತಂಡ ಹಳ್ಳಿ ಬಿಟ್ಟು ಕಾಡಿಗೆ ಹೊರಟರೂ ಈ ಮೂರು ಸಾಲು ಕೈಕೊಡುವುದಿಲ್ಲ. ನಡುವೆ ಐದು ಜಾಗ, ಒಂದೊಂದಕ್ಕೂ ಕಣ್ಣಿಗೊಂದು, ಕಿವಿಗೊಂದು ವಿವರ. ಕೆಳಗೆ ಹತ್ತು ಹೆಸರು, ಏಕೆಂದರೆ ಆಟಗಾರರು ಮಾತಿಗೆಳೆಯುವುದು ನಾವು ಹೆಸರಿಡದ ಕಾವಲುಗಾರನನ್ನೇ.

ಹೆಚ್ಚು ಸಲ ಕೆಟ್ಟದ್ದು ಸುಳಿವಿನಲ್ಲಿ. ಗುಪ್ತ ಬಾಗಿಲಿಗೆ ಡಿಸಿ (ಮುಟ್ಟಬೇಕಾದ ಅಂಕ) 15 ಕೊಟ್ಟು ಮುಂದಿನದ್ದನ್ನೆಲ್ಲ ಅದರ ಆಚೆ ಇಟ್ಟರೆ, ದಾಳಕ್ಕೆ ಕೂಡಿಸಲು +3 ಇರುವವನಿಗೆ ಡಿ20ರಲ್ಲಿ (ಇಪ್ಪತ್ತು ಮುಖದ ದಾಳ) 12 ಅಥವಾ ಮೇಲೆ ಬೀಳಬೇಕು. ಅದು ಶೇ 45. ಅರ್ಧಕ್ಕಿಂತ ಹೆಚ್ಚು ಸಲ ಆಟ ಅಲ್ಲೇ ನಿಲ್ಲುತ್ತದೆ. ಅದೇ ಗುಟ್ಟಿಗೆ ಮೂರು ದಾರಿ ಇಟ್ಟರೆ, ಒಂದೊಂದಕ್ಕೂ ಶೇ 45 ಅಂತಲೇ ಹಿಡಿದರೂ, ಒಂದಾದರೂ ಸಿಗುವುದು ಶೇ 83ರಷ್ಟು. ಒಂದು ದಾರಿಗೆ ನಾನು ದಾಳವನ್ನೇ ಕೇಳುವುದಿಲ್ಲ. ಸರಿಯಾದ ಜಾಗ ನೋಡಿದವರಿಗೆ ಸಿಕ್ಕಿತು, ಅಷ್ಟೇ.

ಇನ್ನೊಂದು ತಪ್ಪು ಗಾಬ್ಲಿನ್‌ಗಳದ್ದು, ಅಂದರೆ ಗುಂಪಾಗಿ ಬರುವ ಪುಟ್ಟ ರಾಕ್ಷಸರದ್ದು. ಮೊದಲ ಲೆವೆಲ್‌ನ ನಾಲ್ವರಿಗೆ ನಾಲ್ಕು ಗಾಬ್ಲಿನ್ ಸರಿಸಮ ಅನ್ನಿಸುತ್ತದೆ. 2014ರ ಐದನೇ ಆವೃತ್ತಿಯ ಲೆಕ್ಕ ಹಾಕಿ: ತಲಾ 50 ಎಕ್ಸ್‌ಪಿ (ಅನುಭವದ ಅಂಕ), ಗುಂಪಾದ್ದರಿಂದ ಎರಡರಷ್ಟು, ಒಟ್ಟು 400. ಸರಿಯಾಗಿ 'ಡೆಡ್ಲಿ' ಗೆರೆ, ಅಂದರೆ ಪಾತ್ರಗಳು ಸಾಯಬಹುದಾದ ಕಾಳಗ. ಒಂದೇಟಿಗೆ ಸರಾಸರಿ 5 ಹಾನಿ, ಮಂತ್ರವಾದಿ ವಿಝರ್ಡ್‌ಗೆ ಇರುವುದು 7-8 ಹಿಟ್ ಪಾಯಿಂಟ್ (ಜೀವದ ಅಂಕ), ಎರಡೇಟಿಗೆ ನೆಲ. ಹಾಗಾಗಿ ಎರಡನ್ನು ಮೊದಲು ಬಿಡುತ್ತೇನೆ, ಮೂರನೇ ಸುತ್ತಿಗೆ ಇನ್ನೆರಡು. ತಂಡ ಸೊರಗಿದ್ದರೆ ಅವು ಬರುವುದೇ ಇಲ್ಲ. ಯಾವುದು ಓಡಬೇಕು, ಯಾವುದು ಶರಣಾಗಬೇಕು ಎನ್ನುವುದಕ್ಕೆ ನನ್ನದೇ ಒಂದು ಚಿಕ್ಕ ಕೋಷ್ಟಕ ಇದೆ. ನನ್ನ ಆಟಗಾರರೂ ಇದನ್ನು ಓದುತ್ತಾರೆ, ಆದ್ದರಿಂದ ಇಲ್ಲಿ ಬಿಚ್ಚಿಡಲ್ಲ.

ದುಡ್ಡು ಹೋದದ್ದು ಮಿನಿಯೇಚರ್‌ಗಳಿಗೆ, ಪಾತ್ರಗಳ ಪುಟ್ಟ ಗೊಂಬೆಗಳಿಗೆ. ಒಟ್ಟು ಖರ್ಚಿನ ಮುಕ್ಕಾಲು ಪಾಲು ಅವಕ್ಕೇ, ಬಣ್ಣ ಕಂಡದ್ದು ಐದಾರು. ಈಗ ಒಂದಿಂಚಿನ ಚೌಕಳಿ ಹಾಳೆ, ಮೇಲೆ ಅಂಕಿ ಬರೆದ ಅಂಗಿ ಗುಂಡಿಗಳು. ಯಾವ ಗಾಬ್ಲಿನ್‌ಗೆ ಎಷ್ಟು ಏಟು ಬಿತ್ತು ಅನ್ನುವ ಜಗಳವೇ ಇಲ್ಲ. ನಿಯಮಗಳಿಗೂ ಖರ್ಚು ಬೇಡ, ಆಟದ ಮೂಲ ನಿಯಮಗಳ ದಾಖಲೆ ಎಸ್‌ಆರ್‌ಡಿ 5.1 2023ರಿಂದ ಕ್ರಿಯೇಟಿವ್ ಕಾಮನ್ಸ್‌ನಲ್ಲಿ, ಅಂದರೆ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಪರವಾನಗಿಯಲ್ಲಿ ಇದೆ. ದುಡ್ಡು ಹಾಕಲೇಬೇಕಿದ್ದರೆ ಇನ್ನೆರಡು ಸೆಟ್ ದಾಳಕ್ಕೆ ಹಾಕಿ.

ನಡುವೆ ಇನಿಷಿಯೇಟಿವ್ (ಯಾರ ಸರದಿ ಮೊದಲು ಅಂತ ತೀರ್ಮಾನಿಸುವ ದಾಳ) ಬಿಟ್ಟು, ಕೂತ ಸಾಲಿನಲ್ಲೇ ಸರದಿ ಕೊಟ್ಟು ನೋಡಿದೆ. ವೇಗ ಬಂತು, ಆದರೆ ಸರದಿ ಬೇಗ ಸಿಗಲಿ ಅಂತ ಡೆಕ್ಸ್‌ಟೆರಿಟಿಗೇ (ಚುರುಕುತನಕ್ಕೆ) ಅಂಕ ಸುರಿದ ಕಳ್ಳನ ಪಾತ್ರ ರೋಗ್‌ಗೆ ಅನ್ಯಾಯ. ಮತ್ತೆ ಇನಿಷಿಯೇಟಿವ್ ಸಾಲಿನಲ್ಲಿ ಹೆಸರಿನ ಚೀಟಿ ಮಡಚಿ ನನ್ನ ಮುಂದಿನ ಸ್ಕ್ರೀನ್ (ಮರೆಹಲಗೆ) ಮೇಲೆ ಸಿಕ್ಕಿಸತೊಡಗಿದೆ. ಸುತ್ತು ಹತ್ತು ನಿಮಿಷದಿಂದ ಆರಕ್ಕೆ ಇಳಿಸಿದ್ದು "ಈಗ ರೋಗ್, ಆಮೇಲೆ ಕ್ಲೆರಿಕ್" ಅಂತ ಮೊದಲೇ ಕೂಗುವುದು, ಜೊತೆಗೆ ಡಿ20 ಮತ್ತು ಹಾನಿಯ ದಾಳವನ್ನು ಒಟ್ಟಿಗೇ ಎಸೆಯುವುದು.