ಹಳೆ ಐಡಿಇ ಡಿಸ್ಕ್, ಹೊಸ ಎಸ್‌ಎಸ್‌ಡಿ: ಎರಡನ್ನೂ ಒಂದೇ ಕಂಪ್ಯೂಟರಿಗೆ ಜೋಡಿಸುವುದು ಹೇಗೆ?

ಫೋಟೊ ಸ್ಟುಡಿಯೊ, ಡಿಟಿಪಿ ಅಂಗಡಿ, ಶಾಲೆ, ಸಹಕಾರ ಸಂಘ, ಮನೆ. ಎಲ್ಲ ಕಡೆಯೂ ಬೀರುವಿನೊಳಗೆ ಒಂದೋ ಎರಡೋ ಹಳೆ ಹಾರ್ಡ್ ಡಿಸ್ಕ್ ಇದ್ದೇ ಇರುತ್ತದೆ. ಇಪ್ಪತ್ತು ವರ್ಷದ ಹಿಂದಿನ ಕೆಲಸವೆಲ್ಲ ಅದರಲ್ಲಿದೆ. ಆದರೆ ಈಗಿನ ಮದರ್‌ಬೋರ್ಡಿನಲ್ಲಿ ಅದನ್ನು ಸಿಕ್ಕಿಸಲು ಜಾಗವೇ ಇಲ್ಲ. ಇಂಟೆಲ್ 2006ರಲ್ಲಿ ತಂದ ಐಸಿಎಚ್8 ಚಿಪ್‌ನಲ್ಲೇ ಐಡಿಇಯನ್ನು, ಅಂದರೆ ಈ ಹಳೆ ಡಿಸ್ಕ್‌ಗಳನ್ನು ಜೋಡಿಸುವ ವ್ಯವಸ್ಥೆಯನ್ನು, ಕೈಬಿಟ್ಟಿತು. ಆಮೇಲೆ ಕೆಲವು ವರ್ಷ ಮದರ್‌ಬೋರ್ಡ್ ಕಂಪನಿಗಳು ಬೇರೆ ಚಿಪ್ ಸೇರಿಸಿ ಒಂದು ಐಡಿಇ ಪೋರ್ಟ್ ಕೊಡುತ್ತಿದ್ದವು. ಈಗ ಅದೂ ನಿಂತಿದೆ.

ಇನ್ನೊಂದು ಕಡೆ, ಹತ್ತು ವರ್ಷದ ಹಿಂದಿನ ಕಂಪ್ಯೂಟರಿಗೆ ಇವತ್ತಿನ ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ತುಂಬಾ ವೇಗದ ಡಿಸ್ಕ್) ಹಾಕಬೇಕು ಅನ್ನುವವರಿದ್ದಾರೆ. ಎರಡಕ್ಕೂ ದಾರಿ ಒಂದೇ: ಮದರ್‌ಬೋರ್ಡಿನ ಖಾಲಿ ಸ್ಲಾಟಿಗೆ ಹಾಕುವ ಎಕ್ಸ್‌ಪಾನ್ಷನ್ ಕಾರ್ಡ್.

ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಹಳೆ ಡಿಸ್ಕನ್ನು ಜೋಡಿಸುವುದು ಓದಲಿಕ್ಕೆ ಮಾತ್ರ. ಅದರಲ್ಲಿರುವುದನ್ನು ಹೊಸದಕ್ಕೆ ಇಳಿಸಿಕೊಂಡು ಅದನ್ನು ಬಿಚ್ಚಿಡಬೇಕು. ಹೇಗೂ ಜೋಡಿಸಿದ್ದೇವಲ್ಲ, ದಿನಾ ಬಳಸೋಣ ಅಂದುಕೊಂಡರೆ ಇರುವುದನ್ನೂ ಕಳೆದುಕೊಳ್ಳುವ ಸಾಧ್ಯತೆ ಜಾಸ್ತಿ. ಒಂದೇ ಒಂದು ಡಿಸ್ಕನ್ನು ಒಂದೇ ಸಲ ಓದುವುದಿದ್ದರೆ ಯುಎಸ್‌ಬಿ ಅಡಾಪ್ಟರ್ ಕೂಡ ಸಾಕು. ಡಿಸ್ಕ್‌ಗಳು ಹಲವು ಇದ್ದರೆ, ಅಥವಾ ಹೊಸ ಡಿಸ್ಕ್ ಖಾಯಂ ಆಗಿ ಒಳಗಿರಬೇಕಾದರೆ ಕಾರ್ಡೇ ಸರಿ.

ಯಾವ ಡಿಸ್ಕ್, ಯಾವ ಸ್ಲಾಟ್?

ಡಿಸ್ಕಿನ ಹಿಂಭಾಗ ನೋಡಿ. ಎರಡು ಸಾಲು ಪಿನ್‌ಗಳು, ಪಕ್ಕದಲ್ಲಿ ನಾಲ್ಕು ದಪ್ಪ ಪಿನ್‌ಗಳ ಪವರ್ ಕನೆಕ್ಟರ್ ಇದ್ದರೆ ಅದು ಐಡಿಇ. ಪಾಟಾ ಅಂತಲೂ ಕರೆಯುತ್ತಾರೆ. ಅದರ ಡೇಟಾ ಕನೆಕ್ಟರಿಗೆ 40 ಪಿನ್. ಲ್ಯಾಪ್‌ಟಾಪಿನ 2.5 ಇಂಚಿನ ಐಡಿಇ ಡಿಸ್ಕ್ ಆದರೆ 44 ಸಣ್ಣ ಪಿನ್, ಪವರ್ ಕೂಡ ಅದರಲ್ಲೇ ಹೋಗುತ್ತದೆ. ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಅದನ್ನು ತಿರುಗಾಮುರುಗಾ ಹಾಕಿದರೆ ಡಿಸ್ಕ್ ಸುಟ್ಟೇ ಹೋಗಬಹುದು, ಹುಷಾರು. ಎಲ್ ಆಕಾರದ ಎರಡು ಚಪ್ಪಟೆ ಕನೆಕ್ಟರ್ ಇದ್ದರೆ ಅದು ಐಡಿಇ ಆದಮೇಲೆ ಬಂದ ಸಾಟಾ. ಚೂಯಿಂಗ್ ಗಮ್ ಪಟ್ಟಿಯಷ್ಟು ತೆಳ್ಳಗಿನ ಬೋರ್ಡ್ ಆದರೆ ಎಂ.2.

ಈಗ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬಾಗಿಲು ತೆಗೆಯಿರಿ. ಬಿಳಿ ಬಣ್ಣದ ಉದ್ದ ಸ್ಲಾಟ್ ಇದ್ದರೆ ಅದು ಹಳೆ ಪಿಸಿಐ. ಅದರಲ್ಲಿ ಸೆಕೆಂಡಿಗೆ 133 ಎಂಬಿ ದಾಟಲು ಸಾಧ್ಯವಿಲ್ಲ. ಅದಕ್ಕೆ ಸಿಕ್ಕಿಸಿದ ಕಾರ್ಡ್‌ಗಳೆಲ್ಲ ಅಷ್ಟನ್ನೇ ಹಂಚಿಕೊಳ್ಳಬೇಕು. ಚೋಟುದ್ದದ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1. ಗ್ರಾಫಿಕ್ಸ್ ಕಾರ್ಡ್ ಕೂರುವ ಉದ್ದದ್ದು ಎಕ್ಸ್16. ಹೆಸರಿನ ಪಕ್ಕದ ಅಂಕಿ ಲೇನ್‌ಗಳ ಲೆಕ್ಕ. ಒಂದು ಲೇನ್ ಮೊದಲ ತಲೆಮಾರಿನಲ್ಲಿ ಸೆಕೆಂಡಿಗೆ 250 ಎಂಬಿ, ಎರಡನೆಯದರಲ್ಲಿ 500, ಮೂರನೆಯದರಲ್ಲಿ ಸುಮಾರು 985 ಎಂಬಿ ಸಾಗಿಸುತ್ತದೆ. ಸ್ಲಾಟ್ ಉದ್ದವಾಗಿದೆ ಎಂದ ಮಾತ್ರಕ್ಕೆ ಒಳಗೆ ಹದಿನಾರು ಲೇನ್ ಇದ್ದೇ ಇರುತ್ತದೆ ಅಂತಲ್ಲ. ಎಷ್ಟೋ ಬೋರ್ಡ್‌ಗಳಲ್ಲಿ ಎರಡನೇ ಉದ್ದ ಸ್ಲಾಟಿಗೆ ನಾಲ್ಕೇ ಲೇನ್. ಬೋರ್ಡಿನ ಮಾಡೆಲ್ ನಂಬರ್ ಅದರ ಮೇಲೇ ಅಚ್ಚಾಗಿರುತ್ತದೆ. ಕಂಪನಿಯ ವೆಬ್‌ಸೈಟಿನಲ್ಲಿ ಮ್ಯಾನ್ಯುಯಲ್ ಸಿಗುತ್ತದೆ. ಹತ್ತು ನಿಮಿಷ ಅದನ್ನು ಓದಿದರೆ ಕಾರ್ಡಿಗೆ ಕೊಡುವ ದುಡ್ಡು ದಂಡವಾಗುವುದಿಲ್ಲ.

ಕಾರ್ಡ್ ಕೊಳ್ಳುವಾಗ ಚಿಪ್ ಹೆಸರು ಕೇಳಿ

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ‘ಸಾಟಾ ಕಾರ್ಡ್ ಕೊಡಿ’ ಅಂದರೆ ಯಾವುದೋ ಒಂದು ಕೈಗೆ ಬರುತ್ತದೆ. ಡಬ್ಬಿಯ ಮೇಲಿನ ಬ್ರ್ಯಾಂಡ್ ಮುಖ್ಯವಲ್ಲ, ಕಾರ್ಡಿನ ನಡುವೆ ಇರುವ ಚಿಪ್ ಮುಖ್ಯ. ಆನ್‌ಲೈನಿನಲ್ಲಿ ತರಿಸುವವರೂ ಫೋಟೊ ದೊಡ್ಡದು ಮಾಡಿ ಚಿಪ್ ಮೇಲಿನ ಅಕ್ಷರ ಓದಿ.

ಐಡಿಇ ಡಿಸ್ಕ್ ಓದಲು ಜೆಮೈಕ್ರಾನ್ ಕಂಪನಿಯ ಜೆಎಂಬಿ363 ಚಿಪ್ಪಿನ ಕಾರ್ಡ್ ಚೆನ್ನಾಗಿದೆ. ಎಕ್ಸ್1 ಸ್ಲಾಟಿನಲ್ಲಿ ಕೂರುತ್ತದೆ. ಒಂದು ಐಡಿಇ ಪೋರ್ಟ್, ಎರಡು ಸಾಟಾ ಕೊಡುತ್ತದೆ. ಬೋರ್ಡಿನಲ್ಲಿ ಪಿಸಿಐ ಮಾತ್ರ ಇದ್ದರೆ ವಿಯಾ ಕಂಪನಿಯ ವಿಟಿ6421ಎ ಚಿಪ್ಪಿನದು ಸಿಗುತ್ತದೆ. ಅದರ ಐಡಿಇ ಪೋರ್ಟ್ ಬಳಸಿಕೊಳ್ಳಿ, ಸಾಟಾ ಪೋರ್ಟ್‌ಗಳಿಗೆ ಹೊಸ ಡಿಸ್ಕ್ ಹಾಕಬೇಡಿ. ಅವು ಮೊದಲ ತಲೆಮಾರಿನ ಸಾಟಾ; ಆಮೇಲೆ ಬಂದ ಡಿಸ್ಕ್‌ಗಳು ಎಷ್ಟೋ ಸಲ ಅದಕ್ಕೆ ಕಾಣಿಸುವುದೇ ಇಲ್ಲ.

ಬರೀ ಸಾಟಾ ಪೋರ್ಟ್ ಸಾಲದಿದ್ದರೆ ಎಎಸ್‌ಮೀಡಿಯಾದ ಎಎಸ್‌ಎಂ1061 ಎರಡು ಪೋರ್ಟ್ ಕೊಡುತ್ತದೆ. ಜೆಎಂಬಿ585 ಐದು, ಎಎಸ್‌ಎಂ1166 ಆರು. ಇವೆಲ್ಲ ಎಎಚ್‌ಸಿಐ ಎಂಬ, ಸಾಟಾಕ್ಕೆ ಇರುವ ಸಾಮಾನ್ಯ ನಿಯಮದ ಪ್ರಕಾರ ಕೆಲಸ ಮಾಡುತ್ತವೆ. ಹಾಗಾಗಿ ವಿಂಡೋಸ್ 10, 11ರಲ್ಲಿ ಬೇರೆ ಡ್ರೈವರ್ ಹುಡುಕುವ ಕೆಲಸ ಸಾಮಾನ್ಯವಾಗಿ ಬರುವುದಿಲ್ಲ. ಹದಿನಾರು, ಇಪ್ಪತ್ತು ಪೋರ್ಟಿನ ಅಗ್ಗದ ಕಾರ್ಡ್‌ಗಳ ಸಹವಾಸ ಬೇಡ. ಅವುಗಳಲ್ಲಿ ಹೆಚ್ಚಿನವು ಒಂದು ಪೋರ್ಟನ್ನೇ ಒಡೆದು ಹಲವು ಮಾಡಿದವು. ಒಂದು ಡಿಸ್ಕ್ ಕೈಕೊಟ್ಟರೆ ಜೊತೆಯವೂ ಮಾಯವಾಗುತ್ತವೆ.

ಎಎಸ್‌ಎಂ1061ಕ್ಕೆ ಇರುವುದು ಎರಡನೇ ತಲೆಮಾರಿನ ಒಂದೇ ಲೇನ್. ಅಂದರೆ ಎರಡೂ ಪೋರ್ಟಿಗೆ ಸೇರಿ ಸೆಕೆಂಡಿಗೆ 500 ಎಂಬಿ. ಸಾಟಾ ಎಸ್‌ಎಸ್‌ಡಿ ಒಂದೇ 550 ಎಂಬಿವರೆಗೆ ಓದಬಲ್ಲದು. ಅದನ್ನು ಕಾರ್ಡಿಗೆ ಹಾಕಿದರೆ ಕಟ್ಟಿಹಾಕಿದ ಹಾಗೆ ಅಲ್ವಾ? ಹಾಗಾಗಿ ಎಸ್‌ಎಸ್‌ಡಿಯನ್ನು ಮದರ್‌ಬೋರ್ಡಿನ ಸಾಟಾಕ್ಕೇ ಹಾಕಿ, ತಿರುಗುವ ಹಾರ್ಡ್ ಡಿಸ್ಕ್‌ಗಳನ್ನು ಕಾರ್ಡಿಗೆ ತನ್ನಿ.

ಜಂಪರ್, ಕೇಬಲ್, ಪವರ್

ಐಡಿಇಯಲ್ಲಿ ಒಂದು ಕೇಬಲ್ಲಿಗೆ ಎರಡು ಡಿಸ್ಕ್ ಹಾಕಬಹುದು. ಯಾವುದು ಮಾಸ್ಟರ್, ಯಾವುದು ಸ್ಲೇವ್ ಅಂತ ಹೇಳುವುದು ಡಿಸ್ಕಿನ ಹಿಂದೆ ಇರುವ ಪುಟ್ಟ ಜಂಪರ್, ಅಂದರೆ ಎರಡು ಪಿನ್‌ಗಳನ್ನು ಸೇರಿಸುವ ಪ್ಲಾಸ್ಟಿಕ್ ಟೊಪ್ಪಿ. ಡಿಸ್ಕಿನ ಮೇಲಿನ ಲೇಬಲ್ಲಿನಲ್ಲಿ ಅದರ ಚಿತ್ರ ಇರುತ್ತದೆ. ಒಂದು ಸಲಕ್ಕೆ ಒಂದೇ ಡಿಸ್ಕ್ ಹಾಕಿ, ಮಾಸ್ಟರ್ ಮಾಡಿ. ಇದು ಅರ್ಧ ತಲೆನೋವು ಕಳೆಯುತ್ತದೆ. ವೆಸ್ಟರ್ನ್ ಡಿಜಿಟಲ್‌ನ ಅನೇಕ ಹಳೆ ಡಿಸ್ಕ್‌ಗಳಲ್ಲಿ ಒಂಟಿ ಡಿಸ್ಕಿಗೆ ಬೇರೆಯದೇ ಕ್ರಮ ಇದೆ, ಜಂಪರ್ ತೆಗೆದೇ ಬಿಡಬೇಕು. ಲೇಬಲ್ಲಿನಲ್ಲಿ ‘ಸಿಂಗಲ್’ ಅಂತ ಇದ್ದರೆ ಅದನ್ನೇ ಪಾಲಿಸಿ.

ಕೇಬಲ್ 80 ತಂತಿಯದ್ದಿರಲಿ. ಗೆರೆಗಳು ಕೂದಲಿನಷ್ಟು ತೆಳ್ಳಗಿದ್ದರೆ ಅದು 80 ತಂತಿಯದು, ತುಸು ದಪ್ಪ ಇದ್ದರೆ 40ರದು. ನೀಲಿ ತುದಿ ಕಾರ್ಡಿಗೆ, ಇನ್ನೊಂದು ಕೊನೆಯ ಕಪ್ಪು ತುದಿ ಮಾಸ್ಟರ್ ಡಿಸ್ಕಿಗೆ, ನಡುವಿನ ಬೂದು ಬಣ್ಣದ್ದು ಸ್ಲೇವಿಗೆ. ಕೇಬಲ್ಲಿನ ಒಂದು ಅಂಚಿನಲ್ಲಿರುವ ಬಣ್ಣದ ಗೆರೆ ಒಂದನೇ ಪಿನ್ನಿನ ಕಡೆ ಬರಬೇಕು. ಹೆಚ್ಚಿನ ಡಿಸ್ಕ್‌ಗಳಲ್ಲಿ ಅದು ಪವರ್ ಕನೆಕ್ಟರಿನ ಪಕ್ಕ ಇರುತ್ತದೆ. 46 ಸೆಂಟಿಮೀಟರಿಗಿಂತ ಉದ್ದದ ಐಡಿಇ ಕೇಬಲ್ ಬೇಡ. ಸಾಟಾ ಕೇಬಲ್ 1 ಮೀಟರ್‌ವರೆಗೆ ನಡೆಯುತ್ತದೆ.

ಕರಾವಳಿ, ಮಲೆನಾಡಿನ ತೇವದಲ್ಲಿ ವರ್ಷಗಟ್ಟಲೆ ಇದ್ದ ಡಿಸ್ಕ್ ಆದರೆ ಮೊದಲು ಪಿನ್‌ಗಳನ್ನು ನೋಡಿ. ಹಸಿರು ಕಿಲುಬು ಕಂಡರೆ ಮೆತ್ತನೆಯ ಬ್ರಷ್ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಡಿಸ್ಕಿನ ಮೇಲೆ ಗಾಳಿಯಾಡುವ ಸಣ್ಣ ತೂತು ಇರುತ್ತದೆ, ಅದರೊಳಗೆ ಹನಿಯೂ ಹೋಗಬಾರದು.

ಇನ್ನು ಪವರ್. ಹಳೆ ಡಿಸ್ಕಿಗೆ ಬೇಕಾದದ್ದು ನಾಲ್ಕು ತಂತಿಯ ಮೊಲೆಕ್ಸ್: ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಕಪ್ಪು ಎರಡು ಗ್ರೌಂಡ್. ಈಗಿನ ಪವರ್ ಸಪ್ಲೈಗಳಲ್ಲೂ, ಅಂದರೆ ಎಸ್‌ಎಂಪಿಎಸ್‌ಗಳಲ್ಲೂ, ಒಂದೋ ಎರಡೋ ಇರುತ್ತವೆ. ಇಲ್ಲದಿದ್ದರೆ ಸಾಟಾದಿಂದ ಮೊಲೆಕ್ಸಿಗೆ ಬದಲಿಸುವ ತಂತಿ ಸಿಗುತ್ತದೆ. ಮೊಲೆಕ್ಸಿನಿಂದ ಸಾಟಾಕ್ಕೆ ಬದಲಿಸುವಾಗ ಮಾತ್ರ ಎಚ್ಚರ. ಪ್ಲಾಸ್ಟಿಕ್ ಎರಕ ಹೊಯ್ದು ಮುಚ್ಚಿದ ಅಗ್ಗದ ಕನೆಕ್ಟರ್‌ಗಳಲ್ಲಿ ಒಳಗೆ ತಂತಿಗಳು ಒಂದಕ್ಕೊಂದು ತಗುಲಿ ಬೆಂಕಿ ಹೊತ್ತಿಕೊಂಡದ್ದುಂಟು. ತಂತಿ ಒಂದೊಂದಾಗಿ ಕಾಣುವ, ಬಿಚ್ಚಬಹುದಾದ ಕ್ಲಿಪ್ ಇರುವ ಕನೆಕ್ಟರನ್ನೇ ಕೊಳ್ಳಿ. 3.5 ಇಂಚಿನ ಡಿಸ್ಕ್ ಶುರುವಾಗುವ ಹೊತ್ತಿಗೆ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಹಳೆ, ಸಣ್ಣ ಎಸ್‌ಎಂಪಿಎಸ್‌ಗೆ ಒಟ್ಟಿಗೇ ನಾಲ್ಕೈದು ಡಿಸ್ಕ್ ನೇತುಹಾಕಬೇಡಿ.

ಕಾರ್ಡ್ ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಇಳಿಯುತ್ತದೆ. ಕಾರ್ಡನ್ನು ನೇರವಾಗಿ ಒತ್ತಿ, ಸ್ಕ್ರೂ ಬಿಗಿಯಿರಿ. ಕಂಪ್ಯೂಟರ್ ಆನ್ ಇರುವಾಗ ಐಡಿಇ ಕೇಬಲ್, ಮೊಲೆಕ್ಸ್ ಎರಡನ್ನೂ ಹಾಕುವುದು ಬೇಡ, ಕೀಳುವುದೂ ಬೇಡ.

ಆನ್ ಮಾಡಿದ ಮೇಲೆ

ಮೊದಲು ನೇರ ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಬರುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ. ಹಳೆ ಡಿಸ್ಕಿನಲ್ಲಿ ವಿಂಡೋಸ್ ಇದ್ದರೆ ಕಂಪ್ಯೂಟರ್ ಅದರಿಂದಲೇ ಶುರುವಾಗಲು ನೋಡಬಹುದು. ಆಗ ಡಿಸ್ಕಿನ ಮೇಲೆ ಏನೇನೋ ಬರೆದುಬಿಡುತ್ತದೆ. ಬೂಟ್ ಪಟ್ಟಿಯಲ್ಲಿ ನಿಮ್ಮ ಈಗಿನ ಡಿಸ್ಕೇ ಮೊದಲಿರಲಿ. ಸಾಟಾ ಮೋಡ್ ಎಂಬ ಸಾಲು ಕಂಡರೆ ಅದನ್ನು ಸುಮ್ನೆ ಬಿಟ್ಟುಬಿಡಿ. ಅದನ್ನು ಬದಲಿಸಿದರೆ ಈಗಿರುವ ವಿಂಡೋಸ್ ಏಳದೆ ಹೋಗಬಹುದು.

ವಿಂಡೋಸ್ ಬರುವಾಗ ‘ಡಿಸ್ಕ್ ತಪಾಸಣೆ ಮಾಡಲೇ’ ಎಂದು ಕೇಳಿದರೆ ಯಾವುದಾದರೂ ಕೀ ಒತ್ತಿ ತಪ್ಪಿಸಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿಸ್ಕ್ ಅಲ್ಲಿ ಕಾಣಿಸುತ್ತಿದ್ದು ಡ್ರೈವ್ ಅಕ್ಷರ ಇಲ್ಲದಿದ್ದರೆ ಒಂದು ಅಕ್ಷರ ಕೊಡಿ. ‘ಇನಿಷಿಯಲೈಸ್ ಮಾಡಲೇ’, ‘ಫಾರ್ಮ್ಯಾಟ್ ಮಾಡಲೇ’ ಎಂಬ ಕಿಟಕಿ ಬಂದರೆ ಕ್ಯಾನ್ಸಲ್ ಒತ್ತಿ. ಎಷ್ಟೋ ಜನರ ಫೋಟೊಗಳು ಹೋಗಿರುವುದು ಈ ಒಂದು ಗುಂಡಿಯಿಂದ. ಹೊಸ ಖಾಲಿ ಡಿಸ್ಕಿಗೆ ಮಾತ್ರ ಹೌದು ಅನ್ನಿ. ಅದು 2 ಟಿಬಿಗಿಂತ ದೊಡ್ಡದಾದರೆ, ಡಿಸ್ಕಿನ ಭಾಗಗಳ ಪಟ್ಟಿ ಇಡುವ ಎರಡು ವಿಧಾನಗಳಲ್ಲಿ ಎಂಬಿಆರ್ ಬದಲು ಜಿಪಿಟಿ ಆರಿಸಿ. ಎಂಬಿಆರ್‌ಗೆ ಅದಕ್ಕಿಂತ ಹೆಚ್ಚಿನ ಜಾಗ ಎಣಿಸಲು ಬರುವುದಿಲ್ಲ.

ಡಿಸ್ಕ್ ಕಾಣಲೇ ಇಲ್ಲವೇ? ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡ್ ಕಾಣುತ್ತದೆಯೇ ನೋಡಿ. ಕಾರ್ಡೇ ಇಲ್ಲದಿದ್ದರೆ ಬೇರೆ ಸ್ಲಾಟಿಗೆ ಹಾಕಿ. ಕಾರ್ಡ್ ಇದ್ದು ಡಿಸ್ಕ್ ಇಲ್ಲದಿದ್ದರೆ ತಪ್ಪು ಬಹುತೇಕ ಜಂಪರ್, ಕೇಬಲ್ ಅಥವಾ ಪವರಿನದು. ವಿಂಡೋಸ್ ಡ್ರೈವರ್ ಸಿಗದೆ ಸತಾಯಿಸಿದರೆ ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ ನೋಡಿ. ಜೆಎಂಬಿ363ಕ್ಕೆ ಬೇಕಾದ ಡ್ರೈವರ್ ಅದರ ತಿರುಳಾದ ಕರ್ನಲ್‌ನಲ್ಲೇ ಇದೆ. ಡಿಸ್ಕನ್ನು ಓದಲು ಮಾತ್ರ ತೆರೆಯುವುದೂ ಅಲ್ಲಿ ಸುಲಭ.

ಟಕ್ ಟಕ್ ಅಂತ ಒಂದೇ ಸಮನೆ ಸದ್ದು ಬಂದರೆ ಕೂಡಲೇ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡುವುದು, ಮುಚ್ಚಳ ಬಿಚ್ಚುವುದು ಎರಡೂ ಬೇಡ. ಅದರಲ್ಲಿರುವುದು ಬೇಕೇ ಬೇಕು ಅಂದರೆ ಡೇಟಾ ರಿಕವರಿ ಮಾಡುವವರ ಕೈಗೇ ಕೊಡಿ. ಸದ್ದಿಲ್ಲ, ಆದರೆ ಕಾಪಿ ಅಲ್ಲಲ್ಲಿ ನಿಲ್ಲುತ್ತಿದೆ ಅಂದರೆ ಫೈಲ್ ಒಂದೊಂದಾಗಿ ಎಳೆಯಬೇಡಿ. ಲಿನಕ್ಸಿನ ಡಿಡಿರೆಸ್ಕ್ಯೂ ತಂತ್ರಾಂಶ ಮೊದಲು ಸುಲಭವಾಗಿ ಸಿಗುವ ಭಾಗವನ್ನೆಲ್ಲ ಇಳಿಸಿಕೊಂಡು, ಹಟ ಮಾಡುವ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ. ಸಾಯುತ್ತಿರುವ ಡಿಸ್ಕಿಗೆ ಅದೇ ಸರಿಯಾದ ಕ್ರಮ.

ಹಳೆ ಕಂಪ್ಯೂಟರಿಗೆ ಎನ್‌ವಿಎಂಇ

ಇದು ಐಡಿಇಗಿಂತ ಎಷ್ಟೋ ಸಲೀಸು. ಎಂ.2 ಎಸ್‌ಎಸ್‌ಡಿಯನ್ನು ಎಕ್ಸ್4 ಅಡಾಪ್ಟರ್ ಕಾರ್ಡಿಗೆ ಓರೆಯಾಗಿ ತೂರಿಸಿ, ಮಲಗಿಸಿ, ಸ್ಕ್ರೂ ಹಾಕಿ, ಉದ್ದ ಸ್ಲಾಟಿಗೆ ಸಿಕ್ಕಿಸಿದರೆ ಮುಗಿಯಿತು. ಪವರ್ ಸ್ಲಾಟಿನಿಂದಲೇ ಬರುತ್ತದೆ. ಕೊಳ್ಳುವ ಎಸ್‌ಎಸ್‌ಡಿ ಮೇಲೆ ಎನ್‌ವಿಎಂಇ ಅಂತ ಬರೆದಿರಬೇಕು. ಎಂ.2 ಆಕಾರದಲ್ಲೇ ಸಾಟಾ ಎಸ್‌ಎಸ್‌ಡಿಗಳೂ ಇವೆ, ಅವು ಈ ಅಡಾಪ್ಟರಿನಲ್ಲಿ ನಡೆಯುವುದಿಲ್ಲ. ಎರಡನೇ ತಲೆಮಾರಿನ ನಾಲ್ಕು ಲೇನ್ ಸಿಕ್ಕರೂ ಸಾಟಾ ಎಸ್‌ಎಸ್‌ಡಿಯ ಸುಮಾರು ಮೂರು ಪಟ್ಟು ವೇಗ ಬರುತ್ತದೆ. ಒಂದೇ ಲೇನ್ ಇರುವ ಸ್ಲಾಟಿಗೆ ಹಾಕುವುದಾದರೆ ಖರ್ಚು ಮಾಡುವುದೇ ಬೇಡ.

ಸುಮಾರು 2014ಕ್ಕಿಂತ ಹಿಂದಿನ ಹೆಚ್ಚಿನ ಬೋರ್ಡ್‌ಗಳು ಎನ್‌ವಿಎಂಇಯಿಂದ ಬೂಟ್ ಆಗುವುದಿಲ್ಲ. ವಿಂಡೋಸ್ ಸಾಟಾ ಎಸ್‌ಎಸ್‌ಡಿಯಲ್ಲೇ ಇರಲಿ, ಫೋಟೊ, ವಿಡಿಯೊ ಎಡಿಟಿಂಗ್ ಫೈಲ್‌ಗಳಿಗೆ ಎನ್‌ವಿಎಂಇ ಬಳಸಿ. ಒಂದೇ ಕಾರ್ಡಿಗೆ ನಾಲ್ಕು ಎಸ್‌ಎಸ್‌ಡಿ ಹಾಕುವ ಅಡಾಪ್ಟರ್ ನೋಡಿ ಆಸೆಪಡಬೇಡಿ. ಅವುಗಳಲ್ಲಿ ಹೆಚ್ಚಿನವಕ್ಕೆ ಸ್ಲಾಟನ್ನು ನಾಲ್ಕು ಪಾಲು ಮಾಡುವ ಬೈಫರ್ಕೇಷನ್ ಸೌಲಭ್ಯ ಬಯಾಸ್‌ನಲ್ಲೇ ಇರಬೇಕು. ಅದಿಲ್ಲದಿದ್ದರೆ ಒಂದೇ ಕಾಣಿಸುತ್ತದೆ.

ಕಾಪಿ ಮಾಡುವಾಗ ಫಾಂಟ್ ಮರೆಯಬೇಡಿ

ಎಲ್ಲವನ್ನೂ ಹೊಸ ಡಿಸ್ಕಿಗೆ ಇಳಿಸಿ, ಇನ್ನೊಂದು ಪ್ರತಿಯನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ. ಹಳೆಯದನ್ನು ಬಿಚ್ಚುವ ಮೊದಲು ಅಲ್ಲೊಂದು ಇಲ್ಲೊಂದು ಫೈಲ್ ತೆರೆದು ನೋಡಿ.

ಆಗ ಕನ್ನಡದ ಫೈಲ್‌ಗಳಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಂಡರೆ ಡಿಸ್ಕ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಯಲ್ಲಿ ಮಾಡಿದ ಫೈಲ್‌ಗಳು ಹಾಗೆಯೇ ಕಾಣುವುದು. ಅದೇ ಫಾಂಟ್ ಇದ್ದರೆ ಮಾತ್ರ ಅಕ್ಷರ ಮೂಡುತ್ತದೆ. ಹಾಗಾಗಿ ಹಳೆ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗೆ ಇರುವ ಫಾಂಟ್ಸ್ ಫೋಲ್ಡರನ್ನೂ ತಪ್ಪದೆ ಕಾಪಿ ಮಾಡಿ. ನುಡಿ, ಬರಹದ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತನೆ ಆದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ತಪ್ಪು ಉಳಿಯುವುದು ಅಲ್ಲೇ. ಮೂಲ ಫೈಲನ್ನು ಅಳಿಸಬೇಡಿ, ಬದಲಿಸಿದ್ದರ ಪಕ್ಕದಲ್ಲೇ ಇಟ್ಟುಕೊಳ್ಳಿ.